ಕುಂಟು ನಿಂತರೆ ಮೂಳೆ ಕೂಡಿತು ಅಂತಲ್ಲ: ಎಳೆ ಕುದುರೆಯ ಗೊರಸಿನ ಮೂಳೆ ಪೆಟ್ಟಿಗೆ ಆರೈಕೆ ಹೇಗೆ?

ಕುದುರೆ ಸಾಕುವ ಮನೆಗಳು ನಮ್ಮಲ್ಲಿ ಕಡಿಮೆಯಾಗಿವೆ, ಆದರೆ ಪೂರ್ತಿ ಇಲ್ಲದೇ ಹೋಗಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಯ ಗಾಡಿ ಓಟಕ್ಕೆ ಸಾಕುವವರಿದ್ದಾರೆ. ಕುರಿ ಹಿಂಡಿನ ಜೊತೆ ಊರೂರು ತಿರುಗುವ ಕುರಿಗಾಹಿಗಳ ಸಾಮಾನು ಇವತ್ತಿಗೂ ಎಷ್ಟೋ ಕಡೆ ತಟ್ಟುಗಳ ಬೆನ್ನ ಮೇಲೇ ಹೋಗುತ್ತದೆ. ಮೈಸೂರಿನಲ್ಲಿ ಟಾಂಗಾ ಇನ್ನೂ ಓಡುತ್ತಿದೆ. ಇಂಥ ಮನೆಯಲ್ಲಿ ಒಂದು ಎಳೆ ಕುದುರೆ ಅಂದರೆ ಎರಡು ಮೂರು ವರ್ಷದ ಮೇವು, ದುಡ್ಡು, ಆಸೆ ಎಲ್ಲ ಸೇರಿರುತ್ತದೆ. ಅದು ಒಂದು ದಿನ ಬೆಳಗ್ಗೆ ಮುಂಗಾಲು ಊರದೆ ನಿಂತರೆ ಎದೆ ಧಸಕ್ಕನ್ನುತ್ತದೆ.

ಗೊರಸಿನ ಒಳಗಿನ ಮೂಳೆ ಮುರಿದರೆ "ಇನ್ನು ಇದರ ಕಥೆ ಮುಗೀತು" ಅನ್ನುವವರೇ ಜಾಸ್ತಿ. ಅದು ನಿಜ ಅಲ್ಲ. ಎಳೆ ವಯಸ್ಸಿನಲ್ಲಿ ಈ ಮೂಳೆ ಎಷ್ಟೋ ಸಲ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮೊದಲ ವಾರ ಏನಾಗಿದೆ ಅಂತ ತಿಳಿಯದೆ ನಡೆಸುವುದು. ಇನ್ನೊಂದು, ಕುಂಟು ನಿಂತ ತಕ್ಷಣ ಕೆಲಸಕ್ಕೆ ಹಚ್ಚುವುದು.

ಆ ಮೂಳೆ ಎಲ್ಲಿದೆ?

ಕುದುರೆಯ ಕಾಲಿನ ಕೊನೆಯ ಮೂಳೆ ಹೊರಗೆ ಕಾಣುವುದೇ ಇಲ್ಲ. ಅದು ಪೂರ್ತಿ ಗೊರಸಿನ ಡಬ್ಬಿಯ ಒಳಗೆ ಕೂತಿರುತ್ತದೆ, ಆಕಾರವೂ ಗೊರಸಿನದ್ದೇ. ಡಾಕ್ಟರು ಇದನ್ನು ಪೆಡಲ್ ಬೋನ್ ಅಥವಾ ಕಾಫಿನ್ ಬೋನ್ ಅನ್ನುತ್ತಾರೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲೆ ಬೀಳುತ್ತದೆ. ಕಲ್ಲಿನ ಮೇಲೆ ಕಾಲಿಟ್ಟರೆ, ಗಟ್ಟಿ ರಸ್ತೆಯಲ್ಲಿ ಜೋರಾಗಿ ಓಡಿಸಿದರೆ, ಗೋಡೆಗೆ ಒದ್ದರೆ, ಗೊರಸಿನ ತಳಕ್ಕೆ ಮೊಳೆ ಹೊಕ್ಕರೆ ಈ ಮೂಳೆಗೆ ಪೆಟ್ಟಾಗಬಹುದು.

ಮೂಳೆಯ ಸುತ್ತ ಗೊರಸಿನ ಗಟ್ಟಿ ಗೋಡೆ ಇರುವುದರಿಂದ ಮುರಿದ ಚೂರು ದೂರ ಸರಿಯುವುದು ಕಡಿಮೆ. ಹುಟ್ಟಿನಿಂದಲೇ ಬಂದ ಪಟ್ಟಿ ಕಟ್ಟು ಅಂದುಕೊಳ್ಳಿ. ಹಾಗಾಗಿ ಮೇಲಿನ ಕಾಲಿಗೆ ಬಿದಿರು ದಬ್ಬೆ ಇಟ್ಟು ನಾಟಿ ಕಟ್ಟು ಹಾಕಿದರೆ ಈ ಮೂಳೆಗೆ ಏನೂ ಪ್ರಯೋಜನವಿಲ್ಲ. ಬರೆ ಹಾಕಿಸುವುದಂತೂ ಬೇಡವೇ ಬೇಡ. ನೋವಿನ ಮೇಲೆ ಇನ್ನೊಂದು ಗಾಯ, ಅಷ್ಟೇ.

ಕೀವೋ, ಮುರಿತವೋ?

ಗೊರಸಿನೊಳಗೆ ಕೀವು ಕಟ್ಟಿದರೂ ಕುದುರೆ ಹೀಗೇ ಕುಂಟುತ್ತದೆ, ಮೂಳೆ ಮುರಿದರೂ ಹೀಗೇ. ಎರಡರಲ್ಲೂ ಗೊರಸು ಬಿಸಿಯಾಗುತ್ತದೆ, ಕಾಲು ಊರುವುದಿಲ್ಲ, ನಾಡಿ ಜೋರಾಗಿ ಬಡಿಯುತ್ತದೆ. ಈ ನಾಡಿ ನೋಡುವುದು ಎಲ್ಲರೂ ಕಲಿಯಬೇಕಾದ ಕೆಲಸ. ಗೊರಸಿನ ಮೇಲಿರುವ ದೊಡ್ಡ ಗಿಣ್ಣಿನ ಹಿಂಬದಿಯಲ್ಲಿ ಎರಡೂ ಪಕ್ಕ ಬೆರಳಿಟ್ಟು ಮೆಲ್ಲಗೆ ಒತ್ತಿ. ಆರೋಗ್ಯವಾಗಿದ್ದಾಗ ಮಿಡಿತ ಸಿಗುವುದೇ ಕಷ್ಟ. ಪೆಟ್ಟಾದಾಗ ಬೆರಳಿಗೆ ಡಬ್ ಡಬ್ ಅಂತ ಹೊಡೆಯುತ್ತದೆ. ಎರಡೂ ಕಾಲು ಹೋಲಿಸಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಕೀವು ಅಂದುಕೊಂಡು ಗೊರಸಿನ ತಳವನ್ನು ನೀವೇ ಕೆತ್ತಿ ನೋಡಲು ಹೋಗಬೇಡಿ. ಡಾಕ್ಟರು ಪರೀಕ್ಷಿಸಿ ಕೀವು ತೆಗೆದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕುದುರೆ ಹಗುರಾಗುತ್ತದೆ. ಕೀವೂ ಸಿಗಲಿಲ್ಲ, ಕುಂಟೂ ಇಳಿಯಲಿಲ್ಲ ಅಂದರೆ ಎಕ್ಸ್‌ರೇ ಬೇಕೇ ಬೇಕು.

ಇನ್ನೊಂದು ವಿಷಯ. ಮುರಿತದ ಗೆರೆ ತುಂಬ ತೆಳುವಾಗಿದ್ದರೆ ಮೊದಲ ದಿನಗಳ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಒಂದೆರಡು ವಾರದಲ್ಲಿ ಆ ಗೆರೆ ಅಗಲವಾಗಿ ಕಾಣಿಸಿಕೊಳ್ಳುತ್ತದೆ. "ಎಕ್ಸ್‌ರೇಲಿ ಏನೂ ಇಲ್ಲ" ಅಂದ ಮೇಲೂ ಕುಂಟು ಹಾಗೇ ಇದ್ದರೆ ಇನ್ನೊಮ್ಮೆ ತೆಗೆಸಿ. ಅಲ್ಲಿವರೆಗೆ ಮುರಿದಿದೆ ಅಂತಲೇ ತಿಳಿದು ವಿಶ್ರಾಂತಿ ಕೊಡಿ.

ಮೊದಲ ದಿನ ಮಾಡಬೇಕಾದ್ದು

- ಇದ್ದ ಜಾಗದಲ್ಲೇ ನಿಲ್ಲಿಸಿ. "ಸ್ವಲ್ಪ ನಡೆಸಿದರೆ ಸರಿ ಹೋಗುತ್ತೆ" ಅನ್ನುವ ಮಾತು ಕೇಳಬೇಡಿ.
- ಗೊರಸಿಗೆ ಮೊಳೆ ಹೊಕ್ಕಿದ್ದರೆ ಎಳೆಯುವ ಮೊದಲು ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ, ಕೇಳಿ. ಮೊಳೆ ಇದ್ದ ಹಾಗೇ ಎಕ್ಸ್‌ರೇ ತೆಗೆದರೆ ಎಷ್ಟು ಆಳ ಹೋಗಿದೆ, ಮೂಳೆಗೆ ತಗುಲಿದೆಯೇ ಅಂತ ಗೊತ್ತಾಗುತ್ತದೆ. ಕಾಲೂರಿದಾಗ ಇನ್ನೂ ಒಳಗೆ ಹೋಗುವ ಹಾಗಿದ್ದರೆ ಮಾತ್ರ ತೆಗೆದು, ಹೊಕ್ಕ ಜಾಗಕ್ಕೆ ಗುರುತು ಮಾಡಿ.
- ಧನುರ್ವಾಯು ಲಸಿಕೆ ಯಾವಾಗ ಹಾಕಿಸಿದ್ದು ಅಂತ ಹೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯು ಬೇಗ ತಗಲುವುದು ಕುದುರೆಗೇ.
- ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ, ಇಂಜೆಕ್ಷನ್ ಕೊಡಬೇಡಿ. ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಕೆ 2006ರಿಂದಲೇ ನಮ್ಮ ದೇಶದಲ್ಲಿ ನಿಷೇಧ.
- ಸಹಾಯಕ್ಕೆ 1962ಕ್ಕೆ ಕರೆ ಮಾಡಿ. ಎಕ್ಸ್‌ರೇಗೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಹೊರಡುವ ಮೊದಲೇ ಫೋನ್ ಮಾಡಿ "ಕುದುರೆಯ ಗೊರಸಿನ ಎಕ್ಸ್‌ರೇ ಇವತ್ತು ಆಗುತ್ತಾ?" ಅಂತ ಕೇಳಿಕೊಳ್ಳಿ.
- ಸಾಗಿಸುವಾಗ ವಾಹನದ ತಳಕ್ಕೆ ಮರಳು, ಹುಲ್ಲು ಹಾಕಿ. ಪೆಟ್ಟು ಮುಂಗಾಲಿಗಾಗಿದ್ದರೆ ಮುಖ ಹಿಂದಕ್ಕೆ ಬರುವಂತೆ ನಿಲ್ಲಿಸಿ. ಬ್ರೇಕ್ ಹಾಕಿದಾಗ ಭಾರ ಹಿಂಗಾಲಿಗೆ ಹೋಗುತ್ತದೆ. ಒರಗಿಕೊಳ್ಳಲು ಎರಡೂ ಪಕ್ಕ ಆಸರೆ ಇರಲಿ.

ಡಾಕ್ಟರಿಗೆ ಕೇಳಬೇಕಾದ ಮೂರು ಪ್ರಶ್ನೆ

ಒಂದು: ಮುರಿತ ಕೀಲಿನೊಳಗೆ ಹೋಗಿದೆಯೇ? ಮೂಳೆಯ ಪಕ್ಕದ ರೆಕ್ಕೆಯಂಥ ಭಾಗ ಮಾತ್ರ ಮುರಿದಿದ್ದರೆ ವಾಸಿಯಾಗುವ ಭರವಸೆ ಹೆಚ್ಚು. ಗೆರೆ ಕೀಲಿನವರೆಗೆ ಹೋಗಿದ್ದರೆ ಮುಂದೆ ಕೀಲು ಸವೆದು ಕುಂಟು ಉಳಿಯುವ ಅಪಾಯವಿದೆ. ಆಗಲೂ ಮೂರು ವರ್ಷದೊಳಗಿನ ಕುದುರೆಗೆ ದೊಡ್ಡ ಕುದುರೆಗಿಂತ ಒಳ್ಳೇ ಅವಕಾಶ ಇರುತ್ತದೆ.

ಎರಡು: ಒಂದೇ ಬಿರುಕೋ, ಚೂರುಚೂರಾಗಿದೆಯೋ?

ಮೂರು: ಸೋಂಕು ಮೂಳೆಗೆ ಇಳಿದಿದೆಯೇ? ಮೊಳೆ ಹೊಕ್ಕ ಗಾಯದಲ್ಲಿ ಮೂಳೆಗೇ ಕೀವು ಹತ್ತಬಹುದು. ಆಗ ಬರೀ ವಿಶ್ರಾಂತಿ ಸಾಲದು. ಕೆಟ್ಟ ಭಾಗ ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ, ಆ್ಯಂಟಿಬಯಾಟಿಕ್, ದಿನಾ ಡ್ರೆಸ್ಸಿಂಗ್ ಎಲ್ಲ ಬೇಕಾಗಬಹುದು.

ಉತ್ತರಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದಿಡಿ. ಎರಡು ತಿಂಗಳ ನಂತರ ಹೋಲಿಸಲು ಅದೇ ಆಧಾರ.

ಲಾಳ: ಎಲ್ಲ ವಯಸ್ಸಿಗೂ ಒಂದೇ ಅಲ್ಲ

ಕುದುರೆ ಕಾಲೂರಿದಾಗಲೆಲ್ಲ ಗೊರಸಿನ ಹಿಂಭಾಗ ಸ್ವಲ್ಪ ಅಗಲವಾಗುತ್ತದೆ. ಮುರಿದ ಮೂಳೆಗೆ ಈ ಅಲುಗಾಟವೇ ತೊಂದರೆ. ಅದಕ್ಕೇ ಬೆಳೆದ ಕುದುರೆಗೆ ಹಿಂದೆಯೂ ಅಡ್ಡಪಟ್ಟಿ ಕೂಡಿಸಿದ, ಪಕ್ಕದಲ್ಲಿ ಗೊರಸನ್ನು ಹಿಡಿದುಕೊಳ್ಳುವ ಕಿವಿಗಳಿರುವ ಲಾಳ ಹಾಕುತ್ತಾರೆ. ಇಲ್ಲವೇ ಗೊರಸಿಗೇ ಪ್ಲಾಸ್ಟರಿನಂಥ ಕಟ್ಟು ಹಾಕುತ್ತಾರೆ. ಗೊರಸು ತಿಂಗಳಿಗೆ ಸುಮಾರು 1 ಸೆಂ.ಮೀ. ಹತ್ತಿರ ಬೆಳೆಯುತ್ತದೆ. ಹಾಗಾಗಿ 4ರಿಂದ 6 ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಹೊಡೆಸಬೇಕು.

ಕೆಲವೇ ತಿಂಗಳ ಮರಿಗೆ ಈ ಲೆಕ್ಕ ಬೇರೆ. ಅದರ ಗೊರಸು ಬೇಗ ಬೆಳೆಯುತ್ತಿರುತ್ತದೆ. ಬಿಗಿ ಲಾಳ ಹೆಚ್ಚು ದಿನ ಇಟ್ಟರೆ ಗೊರಸು ಹಿಂದೆ ಕಿರಿದಾಗಿಬಿಡುತ್ತದೆ. ಮರಿಯ ರೆಕ್ಕೆ ಭಾಗದ ಮುರಿತ ಸಾಮಾನ್ಯವಾಗಿ ಲಾಳವಿಲ್ಲದೆ, ಬರೀ ವಿಶ್ರಾಂತಿಯಲ್ಲೇ 6ರಿಂದ 8 ವಾರದಲ್ಲಿ ಕೂಡಿಕೊಳ್ಳುತ್ತದೆ. ಲಾಳ ಹೊಡೆಯುವ ಅಣ್ಣನನ್ನೂ ಡಾಕ್ಟರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿ, ಎಕ್ಸ್‌ರೇ ಇಬ್ಬರೂ ನೋಡಲಿ.

ಲಾಯದೊಳಗಿನ ತಿಂಗಳುಗಳು

ಸುಮಾರು 10 ಅಥವಾ 12 ಅಡಿ ಚೌಕದ ಜಾಗ ಸಾಕು. ತಿರುಗಲು, ಮಲಗಲು ಆಗಬೇಕು, ಓಡಲು ಆಗಬಾರದು. ನೆಲಕ್ಕೆ ದಪ್ಪಗೆ ಹುಲ್ಲು ಅಥವಾ ಮರದ ಹೊಟ್ಟು ಹಾಕಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಒಂಟಿಯಾಗಿ ಕಟ್ಟಿದರೆ ಎಳೆ ಕುದುರೆ ಒದ್ದಾಡುತ್ತದೆ, ಗೋಡೆಗೆ ಒದೆಯುತ್ತದೆ. ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ಇನ್ನೊಂದು ಕುದುರೆಯೋ ಒಂದು ಮೇಕೆಯೋ ಇರಲಿ. ಹಾಲು ಕುಡಿಯುವ ಮರಿಯಾದರೆ ತಾಯಿಯನ್ನೂ ಜೊತೆಗೇ ಇಡಿ.

ಮೇವಿನಲ್ಲಿ ದೊಡ್ಡ ತಪ್ಪು ನಡೆಯುವುದು ಇಲ್ಲೇ. "ಪಾಪ, ಪೆಟ್ಟಾಗಿದೆ" ಅಂತ ಹುರುಳಿ ಹೆಚ್ಚಿಸುತ್ತಾರೆ. ಕೆಲಸವಿಲ್ಲದ ಕುದುರೆಗೆ ಕಾಳು ಜಾಸ್ತಿಯಾದರೆ ಮೈ ಭಾರವಾಗುತ್ತದೆ, ಹೊಟ್ಟೆನೋವು ಬರುತ್ತದೆ, ಒಳ್ಳೇ ಗೊರಸುಗಳೂ ಉರಿಯೂತ ಬಂದು ಕೆಡಬಹುದು. ಕಾಳನ್ನು ನಾಲ್ಕೈದು ದಿನದಲ್ಲಿ ಹಂತಹಂತವಾಗಿ ಇಳಿಸಿ, ಒಣಹುಲ್ಲು ಮುಖ್ಯವಾಗಿರಲಿ. 300 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ ಸುಮಾರು 5ರಿಂದ 6 ಕೆ.ಜಿ. ಒಣ ಮೇವನ್ನು ಮೂರು ನಾಲ್ಕು ಸಲವಾಗಿ ಕೊಡಿ.

ಗೋಧಿ ಬೂಸಾ ಮಿತಿಯಲ್ಲಿರಲಿ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಬಹಳ ಕಡಿಮೆ. ಬೂಸಾವೇ ಮುಖ್ಯ ಮೇವಾದರೆ ಕುದುರೆಯ ಮೂಳೆಯಿಂದಲೇ ಸುಣ್ಣ ಕರಗಿ ಮೂಳೆ ಬಲ ಕಳೆದುಕೊಳ್ಳುತ್ತದೆ. ಮೂಳೆ ಕೂಡಬೇಕಾದ ಸಮಯದಲ್ಲಿ ಇದು ಇನ್ನೂ ಕೆಟ್ಟದ್ದು. ಕುದುರೆ ಮೆಂತೆ ಸೊಪ್ಪಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಖನಿಜ ಮಿಶ್ರಣ ಎಷ್ಟು ಅಂತ ಡಾಕ್ಟರಿಗೆ ಕೇಳಿ. ಉಪ್ಪು, ನೀರು ಸದಾ ಇರಲಿ. ಮೈಗಾತ್ರ, ಬಿಸಿಲು ನೋಡಿಕೊಂಡು ದಿನಕ್ಕೆ 20ರಿಂದ 40 ಲೀಟರ್ ನೀರು ಬೇಕಾಗುತ್ತದೆ. ನಿಂತೇ ಇರುವ ಕುದುರೆ ನೀರು ಕಡಿಮೆ ಕುಡಿದರೆ ಲದ್ದಿ ಕಟ್ಟುತ್ತದೆ. ಲದ್ದಿ ಎಷ್ಟು ಸಲ ಹಾಕಿತು ಅಂತ ಗಮನಿಸಿ.

ಪೆಟ್ಟಾದ ಕಾಲನ್ನೇ ನೋಡುತ್ತಾ ಇನ್ನೊಂದು ಕಾಲನ್ನು ಮರೆಯಬೇಡಿ. ತಿಂಗಳುಗಟ್ಟಲೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ದೊಡ್ಡ ಕುದುರೆಯಲ್ಲಿ ಆ ಗೊರಸೇ ಉರಿಯೂತಕ್ಕೆ ಸಿಕ್ಕಬಹುದು, ಎಳೆಯದರಲ್ಲಿ ಕಾಲು ವಾಲಬಹುದು. ಬೆಳಗ್ಗೆ ಸಂಜೆ ಎರಡೂ ಗೊರಸಿನ ಬಿಸಿ, ನಾಡಿ ನೋಡಿ. ಒಳ್ಳೇ ಕಾಲಿನ ನಾಡಿ ಜೋರಾದರೆ ಅವತ್ತೇ ಡಾಕ್ಟರಿಗೆ ಹೇಳಿ.

ನಿಜವಾದ ಪರೀಕ್ಷೆ: ಎರಡನೇ ತಿಂಗಳು

ಆರೆಂಟು ವಾರ ಕಳೆದಾಗ ಎಷ್ಟೋ ಕುದುರೆಗಳು ನೆಟ್ಟಗೆ ನಡೆಯುತ್ತವೆ. ಮನೆಯಲ್ಲಿ ಅಪ್ಪ, "ಚೆನ್ನಾಗೇ ನಡೀತೈತಲ್ಲ, ಇನ್ನೂ ಯಾಕೆ ಕಟ್ಟಿ ಹಾಕಿ ತಿನ್ನಿಸ್ತೀಯಾ?" ಅನ್ನುತ್ತಾರೆ. ಮುಂದಿನ ತಿಂಗಳು ಜಾತ್ರೆ ಬೇರೆ ಇರುತ್ತದೆ. ಇಲ್ಲೇ ಎಚ್ಚರ ಬೇಕು. ಮುರಿದ ಜಾಗ ಮೊದಲು ನಾರಿನಂಥ ಮೆತ್ತನೆ ಬೆಸುಗೆಯಿಂದ ಹಿಡಿದುಕೊಳ್ಳುತ್ತದೆ. ನೋವು ಹೋಗಲು ಅಷ್ಟು ಸಾಕು, ಓಡಲು ಸಾಲದು. ಆಗ ಗಾಡಿಗೆ ಕಟ್ಟಿದರೆ ಅದೇ ಗೆರೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ನೋವಿನ ಔಷಧಿ ಕೊಟ್ಟು ನಡೆಸಿ ನೋಡುವುದೂ ಮೋಸವೇ. ಔಷಧಿ ನೋವನ್ನು ಮರೆಮಾಡುತ್ತದೆ, ಮೂಳೆ ಕೂಡಿಸುವುದಿಲ್ಲ. ಫಿನೈಲ್‌ಬ್ಯೂಟಜೋನ್‌ನಂಥ ಔಷಧಿ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ.

ಡಾಕ್ಟರು ನೋಡಿ, ಮರು ಎಕ್ಸ್‌ರೇ ಆಗಿ, "ನಡೆಸಬಹುದು" ಅಂದ ಮೇಲೆ ಸಾಮಾನ್ಯವಾಗಿ ಕ್ರಮ ಹೀಗಿರುತ್ತದೆ:

- ಮೊದಲ ವಾರ: ಮೆತ್ತನೆ, ಸಮತಟ್ಟು ನೆಲದಲ್ಲಿ ಹಗ್ಗ ಹಿಡಿದು 5 ನಿಮಿಷ, ದಿನಕ್ಕೆ ಎರಡು ಸಲ.
- ಆಮೇಲೆ ವಾರಕ್ಕೆ 5 ನಿಮಿಷದಂತೆ ಹೆಚ್ಚಿಸುತ್ತಾ 30 ನಿಮಿಷದವರೆಗೆ.
- ನಂತರ ಬೇಲಿ ಹಾಕಿದ ಚಿಕ್ಕ ಜಾಗದಲ್ಲಿ ಸ್ವಂತ ಓಡಾಟ.
- ಬೆಳೆದ ಕುದುರೆಗೆ ಹಗುರ ಕೆಲಸ ಸುಮಾರು 6 ತಿಂಗಳ ನಂತರ. ಕೀಲಿಗೆ ಹೋದ ಮುರಿತವಾದರೆ ಒಂದು ವರ್ಷದವರೆಗೂ ಕಾಯಬೇಕಾಗಬಹುದು.

ವಾರಕ್ಕೊಂದು ದಿನ, ಅದೇ ಜಾಗದಲ್ಲಿ, ಪಕ್ಕದಿಂದಲೂ ಎದುರಿನಿಂದಲೂ ನಡಿಗೆಯ ವಿಡಿಯೋ ತೆಗೆಯಿರಿ. ನೋವಿರುವ ಮುಂಗಾಲು ಊರುವಾಗ ತಲೆ ಮೇಲಕ್ಕೆ ಹೋಗುತ್ತದೆ, ಒಳ್ಳೇ ಕಾಲು ಊರುವಾಗ ಕೆಳಗೆ ಬರುತ್ತದೆ. ನಿಧಾನಗತಿಯಲ್ಲಿ ನೋಡಿದರೆ ಸಣ್ಣ ಕುಂಟೂ ಗೊತ್ತಾಗುತ್ತದೆ. ಮತ್ತೆ ಕುಂಟು ಕಂಡರೆ ಹಿಂದಿನ ಹಂತಕ್ಕೆ ಇಳಿದು ಡಾಕ್ಟರಿಗೆ ತೋರಿಸಿ.

ಎಕ್ಸ್‌ರೇಯಲ್ಲಿ ಗೆರೆ ಪೂರ್ತಿ ಹೋಗಲಿಲ್ಲ ಅಂತ ಹೆದರಬೇಡಿ. ಕುದುರೆ ಸರಿಯಾಗಿ ನಡೆಯುತ್ತಿದ್ದರೂ ಆ ಗೆರೆ ವರ್ಷದ ಮೇಲೂ ಕಾಣಿಸಬಹುದು. ಅದಕ್ಕೇ ನಿರ್ಧಾರ ಬರೀ ಫಿಲ್ಮ್ ನೋಡಿ ಅಲ್ಲ, ಬರೀ ನಡಿಗೆ ನೋಡಿಯೂ ಅಲ್ಲ, ಎರಡನ್ನೂ ಸೇರಿಸಿ ಆಗಬೇಕು.

ಕೆಲಸಕ್ಕೆ ಬಾರದಿದ್ದರೆ?

ಎಲ್ಲ ಕುದುರೆಯೂ ಓಟಕ್ಕೆ ಮರಳುವುದಿಲ್ಲ. ಹೆಣ್ಣಾದರೆ ಮರಿಗೆ ಇಟ್ಟುಕೊಳ್ಳಬಹುದು. ಕೆಲವು ಹಗುರ ಕೆಲಸಕ್ಕಷ್ಟೇ ಸಾಕಾಗುತ್ತವೆ. ಮೂಳೆ ಚೂರಾಗಿ, ಸೋಂಕು ಹಿಡಿತಕ್ಕೆ ಸಿಗದೆ, ನೋವು ಇಳಿಯದೆ ನರಳುತ್ತಿದ್ದರೆ ನೋವಿಲ್ಲದ ಸಾವಿನ ಬಗ್ಗೆ ಡಾಕ್ಟರ ಜೊತೆ ಮಾತಾಡುವುದೂ ಸಾಕುವವರ ಜವಾಬ್ದಾರಿಯೇ. ಆದರೆ ಕುಂಟನ್ನು ಮಾತ್ರೆಯಲ್ಲಿ ಮುಚ್ಚಿ ಸಂತೆಯಲ್ಲಿ ಮಾರುವುದು ಬೇಡ. ಪೆಟ್ಟಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಎರಡು ವರ್ಷದ ಕುದುರೆಗೆ ಪೆಟ್ಟಾಗಿದ್ದರೆ ಒಂದು ಸಮಾಧಾನವಿದೆ. ಆ ವಯಸ್ಸಿನಲ್ಲಿ ಅದರ ಮೈಮೂಳೆಯೆಲ್ಲ ಇನ್ನೂ ಬೆಳೆಯುತ್ತಲೇ ಇರುತ್ತದೆ, ಹೇಗಿದ್ದರೂ ಭಾರದ ಕೆಲಸಕ್ಕೆ ಹಚ್ಚುವ ಕಾಲ ಅದಲ್ಲ. ಕುದುರೆ ಇಪ್ಪತ್ತು ವರ್ಷ ದಾಟಿಯೂ ಬದುಕುವ ಪ್ರಾಣಿ. ಅಷ್ಟು ವರ್ಷದ ಮುಂದೆ ಆರು ತಿಂಗಳು ದೊಡ್ಡದಲ್ಲ. ಮೊದಲ ಎಕ್ಸ್‌ರೇ ಆದ ದಿನವೇ ಮುಂದಿನ ಎಕ್ಸ್‌ರೇ ದಿನಾಂಕಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಅಲ್ಲಿವರೆಗೆ ಯಾರು ಏನೇ ಅಂದರೂ ಗಾಡಿ ಮೂಲೆಯಲ್ಲೇ ಇರಲಿ.