ಮುಳುಗಿದ ಊರು, ಉಳಿದ ವಂಶಾವಳಿ

ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ಹೋದರು. ಊರೇ ಕದಲಿದಾಗ ಮನೆಯ ದಫ್ತರವು ಉಳಿಯುವದು ಅಪರೂಪ. ಆದರೂ ಆಂಗ್ಲರ ಆಳಿಕೆಯ ಕಾಲದ ಪೂರ್ವಜರನ್ನು ಹುಡುಕುವವರು ಅಷ್ಟಕ್ಕೇ ಕೈಚೆಲ್ಲಬಾರದೆಂದು ನಮ್ಮ ಅಭಿಪ್ರಾಯ.

ಇಲ್ಲಿ ನೌಕರಿಗಿದ್ದ ಬಿಳಿಯರ ಸಂತತಿಗೆ ದಾರಿಯು ಸುಲಭ. ಮುಂಬಯಿ ಇಲಾಖೆಯ ಪಾದ್ರಿಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ನಕಲುಗಳನ್ನು ಕಳಿಸಿ, ಅವು ಲಂಡನ್ನು ಸೇರುತ್ತಿದ್ದವು. ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದರೆ 1885ರ ವರೆಗೆ ಜಿಲ್ಲೆಯ ಮುಖ್ಯ ಠಾಣೆಯು ವಿಜಾಪುರವಲ್ಲ, ಕಲಾದಗಿ. ಆ ಹೆಸರಿನಲ್ಲಿಯೂ ಹುಡುಕಬೇಕು. ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿದ್ದ ಬಾಸೆಲ್ ಮಿಷನ್ನಿನ ಕಾಗದಗಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೇ ಬರೆಯಬೇಕು.

ಹುನಗುಂದ, ಇಳಕಲ್ಲುಗಳ ರೈತನಿಗೆ ಲಂಡನ್ನಿನಲ್ಲೇನಿದೆ? ಅವನ ದಫ್ತರವು ಹೆಳವನ ಎತ್ತಿನ ಮೇಲಿತ್ತು. ಹೆಳವನು ವರ್ಷಗಳಿಗೊಮ್ಮೆ ಬಂದು, ಕಾಳು ಪಡೆದು, ಮುತ್ತಾತನಿಂದ ಮೊದಲುಗೊಂಡು ಹೆಸರುಗಳನ್ನು ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುವನು. ಊರಿನ ಕಚೇರಿ ಸುಟ್ಟರೂ ಈ ಪುಸ್ತಕಕ್ಕೆ ಧಕ್ಕೆಯಿಲ್ಲ, ಅದಿರುವದು ಬೇರೊಂದೂರಿನಲ್ಲಿ. ಆದರೆ ಹೆಳವನಿಗೆ ಮನೆಯ ಬಾಗಿಲೇ ಗುರುತು. ಬಾಗಿಲು ನೀರಿನಲ್ಲಿರಲು ಅವನು ಎಲ್ಲಿ ನಿಂತು ಕೂಗಬೇಕು? ನವನಗರಕ್ಕೆ ಹೋದವರು ತಮ್ಮ ಹೆಳವರನ್ನು ತಾವೇ ಹುಡುಕಿಕೊಂಡು ಹೋಗಿ, ಆ ಪುಸ್ತಕದ ನಕಲನ್ನು ಬರೆಯಿಸಿ ಇಟ್ಟುಕೊಳ್ಳಲಿ.