ಕಂದು ರೋಗ: ದೊಡ್ಡಿಯಲ್ಲೇ ಹಿಡಿಯಬೇಕಾದ ಜ್ವರ

ಸಂಜೆ ಏರುವ ಜ್ವರ, ರಾತ್ರಿ ಹಾಸಿಗೆ ತೋಯಿಸುವ ಬೆವರು, ಸೊಂಟ ಕೀಲುಗಳಲ್ಲಿ ಬಿಡದ ನೋವು. ಇಂಥ ರೋಗಿಗೆ ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ಔಷಧಿ ನಡೆಯುವುದುಂಟು. ಸುರಪುರ, ಶಹಾಪುರದಂಥ ಕುರಿ-ಆಡುಗಳ ಸೀಮೆಯಲ್ಲಿ ಇನ್ನೊಂದು ಹೆಸರೂ ವೈದ್ಯರ ನೆನಪಿಗೆ ಬರಬೇಕು: ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್.

ಗಬ್ಬದ ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದರೆ ಈ ರೋಗ ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಅದರ ಮಾಸು, ಸ್ರಾವಗಳಲ್ಲಿ ಹೇರಳವಾಗಿರಬಹುದು. ಹಾಲಿಗೂ ಇಳಿಯುತ್ತದೆ. ಹಾಲಿನ ಬಣ್ಣ, ವಾಸನೆ, ರುಚಿ ಯಾವುದೂ ಕೆಡದಿರುವುದರಿಂದ ಅನುಮಾನವೇ ಬರುವುದಿಲ್ಲ. ಆಡಿನ ಹಸಿ ಹಾಲು ಪುಷ್ಟಿಯೆಂದು ಮಕ್ಕಳಿಗೆ, ಕಾಯಿಲೆಯವರಿಗೆ ಕೊಡುವವರಿದ್ದಾರೆ. ಪ್ರೀತಿಯಿಂದ ಕೊಟ್ಟ ಆ ಲೋಟವೇ ಜ್ವರ ತರಬಹುದು.

ಈ ರೋಗ ಜನರಲ್ಲಿರುವುದಕ್ಕೆ ನೆರೆಯ ವಿಜಯಪುರದಲ್ಲಿ ಗಟ್ಟಿ ಸಾಕ್ಷಿಯಿದೆ. ಸೂಕ್ಷ್ಮಜೀವಿ ತಜ್ಞ ಬಿ.ಜಿ. ಮಂಟೂರ ಮತ್ತು ಸಂಗಡಿಗರು 2004ರಲ್ಲಿ 93 ಮಕ್ಕಳ, 2006ರಲ್ಲಿ 495 ವಯಸ್ಕರ ಪ್ರಕರಣಗಳನ್ನು ಪ್ರಕಟಿಸಿದರು. ವಯಸ್ಕರದು 16 ವರ್ಷಗಳ ಅನುಭವ. ಹುಡುಕಿದ್ದರಿಂದ ಸಿಕ್ಕವು ಇವು. ಹುಡುಕದ ಊರಲ್ಲಿ ರೋಗವಿಲ್ಲ ಎನ್ನಲಾಗದು.

ಹಾಲಿನ ದಾರಿ ಮೊದಲು ಗೊತ್ತಾದದ್ದು ಮಾಲ್ಟಾ ದ್ವೀಪದಲ್ಲಿ. 1887ರಲ್ಲಿ ಡೇವಿಡ್ ಬ್ರೂಸ್ ರೋಗಾಣುವನ್ನು ಗುರುತಿಸಿದರೂ, ಅದು ಆಡುಗಳಲ್ಲಿದೆಯೆಂದು ಥೆಮಿಸ್ಟೊಕ್ಲಿಸ್ ಜಮಿತ್ ತೋರಿಸಿದ್ದು 1905ರಲ್ಲಿ. ಮರುವರ್ಷ ಅಲ್ಲಿನ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದರು; ಅವರಲ್ಲಿ ಜ್ವರ ಥಟ್ಟನೆ ಇಳಿಯಿತು.

ಡೇರಿಗೆ ಬರುವ ಹಸುವಿನ ಹಾಲಿನ ಮೇಲೆ ಕಣ್ಣಿಡುವುದು ಸುಲಭ. ಬಣ್ಣ ಹಾಕಿದ, ಸತ್ತ ಬ್ರುಸೆಲ್ಲಾ ಕಣಗಳ ದ್ರಾವಣವನ್ನು ಹಾಲಿಗೆ ಬೆರೆಸಿದರೆ, ಸೋಂಕಿದ್ದಲ್ಲಿ ಕೆನೆಯ ಪದರದಲ್ಲಿ ಬಣ್ಣದ ಉಂಗುರ ಮೂಡುತ್ತದೆ. ಆಡು-ಕುರಿಗಳ ಹಾಲಿಗೆ ಈ ಪರೀಕ್ಷೆ ನಂಬಿಕೆಗೆ ಅರ್ಹವಲ್ಲ, ಮನೆಯಲ್ಲೇ ಮುಗಿಯುವ ಹಾಲು ಡೇರಿ ಮುಟ್ಟುವುದೂ ಇಲ್ಲ. ಜಾನುವಾರು ರೋಗ ನಿಯಂತ್ರಣಕ್ಕೆ 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಕಂದು ರೋಗದ ಲಸಿಕೆಯೂ ಹಸು-ಎಮ್ಮೆಗಳ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ. ನಮ್ಮ ಭಾಗಕ್ಕೆ ಇದು ದೊಡ್ಡ ಕೊರತೆ.

ಹಾಗಾಗಿ ಕುರಿಗಾಹಿಯೇ ಇಲ್ಲಿ ಮೊದಲ ಕಾವಲುಗಾರ. ಕಂದು ಹಾಕಿದ ಕುರಿಯನ್ನು ಬೇರೆ ಕಟ್ಟಿ, ಪಶು ಆಸ್ಪತ್ರೆಗೆ ತಿಳಿಸಿ. ಮಾಸನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲು ಯಾರ ಮನೆಯದಾದರೂ ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ. ಜ್ವರ ವಾರ ದಾಟಿದರೆ ಮನೆಯಲ್ಲಿ ಕುರಿ-ಆಡುಗಳಿರುವುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ರಕ್ತ ಪರೀಕ್ಷೆ ಕೇಳಿ. ರೋಗ ಖಚಿತವಾದರೆ ಮಾತ್ರೆಗಳನ್ನು ಸಾಮಾನ್ಯವಾಗಿ ಆರು ವಾರ ನುಂಗಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.