ಹಳೇ ಸ್ಪೋರ್ಟ್ಸ್ ಕಾರಿಗೆ ಬೇರೆ ಎಂಜಿನ್: ಎಂಜಿನ್ ಬೆಲೆ ಬಿಲ್‌ನ ಮೊದಲ ಸಾಲು ಮಾತ್ರ

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲ ಆಗಲಿ ಅಂತ ಅಲ್ಲಲ್ಲಿ ಚುಟುಕಾಗಿಸಲಾಗಿದೆ.)



ಇವತ್ತಿನ ವಿಷಯ ಎಂಜಿನ್ ಸ್ವಾಪ್. ಅಂದ್ರೆ ಒಂದು ಕಾರಿನ ಎಂಜಿನ್ ಬಿಚ್ಚಿ ತೆಗೆದು, ಆ ಜಾಗದಲ್ಲಿ ಬೇರೆ ಕಾರಿನ ಎಂಜಿನ್ ಕೂರಿಸೋದು. ಯೂಟ್ಯೂಬ್‌ನಲ್ಲಿ ಇಂಥ ವಿಡಿಯೊ ನೀವೂ ನೋಡಿರ್ತೀರಿ. ತುಕ್ಕು ಹಿಡಿದ ಸ್ಪೋರ್ಟ್ಸ್ ಕಾರು ಮನೆ ಶೆಡ್ಡಿಗೆ ಬರುತ್ತೆ, ಇಪ್ಪತ್ತು ನಿಮಿಷದಲ್ಲಿ ಗುಡುಗ್ತಾ ಹೊರಗೆ ಹೋಗುತ್ತೆ. ನಿಜವಾಗಿ ಆ ಇಪ್ಪತ್ತು ನಿಮಿಷದಲ್ಲಿ ಒಂದೆರಡು ವರ್ಷದ ಭಾನುವಾರಗಳು ಅಡಗಿರುತ್ತವೆ. ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ನಟ್ಟು ಬೋಲ್ಟಿನ ಜೊತೆಗೆ ಲೆಕ್ಕದ ಪುಸ್ತಕವನ್ನೂ ತೆರೆದಿಡ್ತೀನಿ.

ಉದಾಹರಣೆಗೆ ಒಂದೇ ಕಾರು ತಗೊಳ್ಳೋಣ: ಬ್ರಿಟನ್ನಿನ ಎಂಜಿಬಿ.

ಅಂಬಾಸಡರ್‌ನ ದೊಡ್ಡಪ್ಪನ ಮಗ

ಎಂಜಿ ಅಂದ್ರೆ ನಮಗೆ ಇವತ್ತು ಹೆಕ್ಟರ್ ನೆನಪಾಗುತ್ತೆ. ಈಗ ಆ ಹೆಸರು ಚೀನಾದ ಕಂಪನಿಯ ಕೈಲಿದೆ. ಮೂಲ ಎಂಜಿ ಇಂಗ್ಲೆಂಡಿನ ಆಬಿಂಗ್ಡನ್ ಊರಿನದು. ಅಲ್ಲಿ 1962ರಿಂದ 1980ರವರೆಗೆ ತಯಾರಾದ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರೇ ಎಂಜಿಬಿ. ಒಟ್ಟು 5 ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. ಹಾಗಾಗಿ ಬಿಡಿಭಾಗ ಇವತ್ತಿಗೂ ಸಿಗುತ್ತೆ. 1988ರಿಂದ ಇಡೀ ಬಾಡಿ ಶೆಲ್ಲನ್ನೇ ಹೊಸದಾಗಿ ಒತ್ತಿ ಮಾರೋಕೆ ಶುರು ಮಾಡಿದ್ರು. ಮನೇಲಿ ಕೆಲಸ ಮಾಡೋರಿಗೆ ಇದಕ್ಕಿಂತ ಅನುಕೂಲದ ಹಳೇ ಕಾರು ಕಡಿಮೆ.

ಅದರ ಎಂಜಿನ್ 1,798 ಸಿಸಿ, ನಾಲ್ಕು ಸಿಲಿಂಡರ್, 95 ಹಾರ್ಸ್ ಪವರ್. ಬಿ ಸೀರೀಸ್ ಅಂತ ಅದರ ವಂಶದ ಹೆಸರು. ಅದೇ ವಂಶದ 1,489 ಸಿಸಿ ಎಂಜಿನ್ ಎಲ್ಲಿತ್ತು ಗೊತ್ತಾ? ನಮ್ಮ ಅಂಬಾಸಡರ್‌ನ ಬಾನೆಟ್ ಕೆಳಗೆ! ತಹಶೀಲ್ದಾರರ ಬಿಳಿ ಕಾರಿಗೂ ಇಂಗ್ಲೆಂಡಿನ ಹುಡುಗರ ಕೆಂಪು ಓಪನ್ ಕಾರಿಗೂ ದಾಯಾದಿ ಸಂಬಂಧ.

ಭಾರದ ಪಾಠ

ಎಂಜಿನ್ ಸ್ವಾಪ್‌ನ ಮೊದಲ ಪ್ರಶ್ನೆ "ಎಷ್ಟು ಪವರ್?" ಅಲ್ಲ, "ಎಷ್ಟು ತೂಕ?" ಇದಕ್ಕೆ ಎಂಜಿ ಕಂಪನಿಯೇ ಎರಡು ಉದಾಹರಣೆ ಕೊಟ್ಟಿದೆ, ಒಂದು ಸೋತದ್ದು, ಒಂದು ಗೆದ್ದದ್ದು.

1967ರಲ್ಲಿ ಇದೇ ಬಾಡಿಗೆ 2,912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಅಂತ ಬಿಟ್ಟರು. ಆ ಕಬ್ಬಿಣದ ಎಂಜಿನ್ ಹಳೆಯದಕ್ಕಿಂತ 90 ಕೆ.ಜಿ.ಗೂ ಹೆಚ್ಚು ಭಾರ. ಅದಕ್ಕೆ ಜಾಗ ಮಾಡೋಕೆ ಮುಂದಿನ ಸಸ್ಪೆನ್ಷನ್ ವಿನ್ಯಾಸವನ್ನೇ ಬದಲಿಸಬೇಕಾಯ್ತು. ಪತ್ರಿಕೆಯವರು ಓಡಿಸಿ, ಮೂತಿ ಭಾರ, ತಿರುವಲ್ಲಿ ಮಾತು ಕೇಳಲ್ಲ ಅಂತ ಬರೆದರು. 1969ಕ್ಕೆ ಕಾರೇ ನಿಂತುಹೋಯ್ತು.

ಅದೇ ಹೊತ್ತಿಗೆ ರೋವರ್ ಕಂಪನಿ ಹತ್ರ ಅಲ್ಯೂಮಿನಿಯಂನ ವಿ8 ಎಂಜಿನ್ ಇತ್ತು. ಮೂಲದಲ್ಲಿ ಅದು ಅಮೆರಿಕದ ಬ್ಯೂಕ್‌ನದು. 1960ರ ದಶಕದ ಮಧ್ಯದಲ್ಲಿ ರೋವರ್ ಅದರ ಹಕ್ಕು ಕೊಂಡಿತು. 3,528 ಸಿಸಿ, ಎಂಟು ಸಿಲಿಂಡರ್. ಆದರೂ ತೂಕ ಮಾತ್ರ ಎಂಜಿಬಿಯ ಕಬ್ಬಿಣದ ನಾಲ್ಕು ಸಿಲಿಂಡರ್‌ನಷ್ಟೇ, ಹೆಚ್ಚುಕಡಿಮೆ. ಇದನ್ನ ಕಂಡುಕೊಂಡು ಎಂಜಿಬಿಗೆ ಹಾಕಿ ಮಾರೋಕೆ ಶುರು ಮಾಡಿದ್ದು ಕಂಪನಿ ಅಲ್ಲ, ಕೆನ್ ಕಾಸ್ಟೆಲ್ಲೊ ಅನ್ನೋ ರೇಸರ್. ಆಮೇಲೆ ಕಂಪನಿ ಕಣ್ಣುಬಿಟ್ಟಿತು. 1973ರಲ್ಲಿ ಎಂಜಿಬಿ ಜಿಟಿ ವಿ8 ಬಂತು. ಪವರ್ 137 ಹಾರ್ಸ್. ಅದಕ್ಕಿಂತ ಮುಖ್ಯ ಟಾರ್ಕ್: ಸುಮಾರು 150 ನ್ಯೂಟನ್ ಮೀಟರ್ ಇದ್ದದ್ದು 260ಕ್ಕೆ ಏರಿತು. ಸಸ್ಪೆನ್ಷನ್ ವಿನ್ಯಾಸ ಬದಲಿಸೋ ಅಗತ್ಯ ಬೀಳಲಿಲ್ಲ.

ಆದ್ರೆ ಬಂದ ವರ್ಷವೇ ತೈಲ ಬಿಕ್ಕಟ್ಟು. 1976ಕ್ಕೆ 2,591 ಕಾರಿಗೆ ತಯಾರಿಕೆ ನಿಂತಿತು. ಅದೂ ಟಾಪ್ ಇರೋ ಕೂಪೆ ಮಾತ್ರ, ಓಪನ್ ಕಾರಿಗೆ ಕಂಪನಿ ಆಗ ವಿ8 ಕೊಡಲೇ ಇಲ್ಲ. ಆ ಖಾಲಿ ಜಾಗವನ್ನೇ ಮನೆ ಗ್ಯಾರೇಜಿನವರು ಐವತ್ತು ವರ್ಷದಿಂದ ತುಂಬ್ತಾ ಇದ್ದಾರೆ.

ಮೊದಲು ತುಕ್ಕು, ಆಮೇಲೆ ಎಂಜಿನ್

ಎಂಜಿಬಿಗೆ ಲಾರಿ ತರ ಬೇರೆ ಚಾಸಿ ಇಲ್ಲ. ಬಾಡಿ ತಗಡೇ ಭಾರ ಹೊರುತ್ತೆ. ಓಪನ್ ಕಾರಿಗೆ ಮೇಲೆ ಛಾವಣಿಯೂ ಇಲ್ಲದ್ದರಿಂದ, ಬಾಗಿಲ ಕೆಳಗೆ ಉದ್ದಕ್ಕೂ ಹೋಗೋ ಸಿಲ್ ಅನ್ನೋ ಪೆಟ್ಟಿಗೆಯಂಥ ಭಾಗವೇ ಬೆನ್ನುಮೂಳೆ. ಇಂಗ್ಲೆಂಡಿನ ಮಳೆಗೆ ಮೊದಲು ಹೋಗೋದೂ ಅದೇ. ಹೊರಗೆ ಪೇಂಟ್ ಹೊಳೀತಿರುತ್ತೆ, ಒಳಗೆ ಗೆದ್ದಲು ತಿಂದ ಮರದ ತರ ಪುಡಿಪುಡಿ.

ಸಿಲ್ ಕತ್ತರಿಸೋ ಮುಂಚೆ ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗೀಬೇಕು. ಇಲ್ಲಾಂದ್ರೆ ಕಾರು ನಡುವಲ್ಲಿ ಬಾಗುತ್ತೆ. ಹಾಗೆ ಬಾಗಿದ ಮೇಲೆ ಹೊಸ ಸಿಲ್ ವೆಲ್ಡ್ ಮಾಡಿದ್ರೆ ಬಾಗಿಲು ಮತ್ತೆಂದೂ ಸರಿಯಾಗಿ ಮುಚ್ಚಲ್ಲ. ಟಿಂಕರಿಂಗ್ ಮುಗೀದೆ ವಿ8 ಕೂರಿಸೋದು, ಬಿರುಕು ಬಿಟ್ಟ ತಳಪಾಯದ ಮೇಲೆ ಮೂರನೇ ಮಹಡಿ ಎತ್ತಿದ ಹಾಗೆ.

ಖಾಲಿ ಎಂಜಿನ್ ಇಟ್ಟು ನೋಡೋದು

ಅನುಭವ ಇರೋರು ಒಳಭಾಗಗಳನ್ನೆಲ್ಲ ತೆಗೆದ ಖಾಲಿ ಎಂಜಿನ್ ಬ್ಲಾಕ್ ಮತ್ತು ಗೇರ್‌ಬಾಕ್ಸ್ ಕವಚವನ್ನು ಮೊದಲು ಇಟ್ಟು ನೋಡ್ತಾರೆ. ಹಗುರ ಇರುತ್ತೆ, ಹತ್ತು ಸಲ ಇಳಿಸಿ ಏರಿಸಬಹುದು. ಆಗ ನಾಲ್ಕು ಕಡೆ ಕಣ್ಣಿಡಬೇಕು.

ಒಂದು, ಸ್ಟೀರಿಂಗ್ ಶಾಫ್ಟ್. ಎರಡು, ಎಂಜಿನ್‌ಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡು ಗೋಡೆ. ಮೂರು, ಎಕ್ಸಾಸ್ಟ್ ಪೈಪ್ ಹೋಗೋ ದಾರಿ. ವಿ ಆಕಾರದ ಎಂಜಿನ್‌ಗೆ ಎರಡೂ ಬದಿಯಿಂದ ಎಕ್ಸಾಸ್ಟ್ ಬರುತ್ತೆ, ಜಾಗ ಇರೋದು ಬೆರಳಷ್ಟು. ನಾಲ್ಕು, ಬಾನೆಟ್. ಕಾರ್ಬುರೇಟರ್ ನಟ್ಟನಡುವೆ ನಿಂತರೆ ಬಾನೆಟ್‌ಗೆ ತಾಗುತ್ತೆ. ಕಂಪನಿಯವರು ಬೇರೆ ಮ್ಯಾನಿಫೋಲ್ಡ್ ಮಾಡಿಸಿ ಎರಡು ಕಾರ್ಬುರೇಟರನ್ನೂ ಹಿಂದಕ್ಕೆ ಸರಿಸಿದ್ದು ಇದಕ್ಕೇ.

1974ರ ಕೊನೆಯಿಂದ ಬಂದ ಕಪ್ಪು ರಬ್ಬರ್ ಬಂಪರ್ ಕಾರುಗಳನ್ನ ನೋಡಿ ಹಳೇ ಕಾರಿನ ಪ್ರಿಯರು ಮೂಗು ಮುರೀತಾರೆ. ಸ್ವಾಪ್ ಮಾಡೋರಿಗೆ ಮಾತ್ರ ಅವೇ ಇಷ್ಟ. ಕಂಪನಿ ವಿ8ಗೆ ಅಂತ ಮಾಡಿದ ಜಾಗದ ಬದಲಾವಣೆಗಳು ಅವುಗಳಲ್ಲಿ ಮೊದಲೇ ಇವೆ, ಸುತ್ತಿಗೆ ಕೆಲಸ ಕಡಿಮೆ. ನೋಡೋರಿಗೆ ಬೇಡವಾದದ್ದು, ಕೊಳ್ಳೋರಿಗೆ ಅಗ್ಗ.

ಒಂದು ಬದಲಿಸಿದ್ರೆ ಐದು

ಟಾರ್ಕ್ ಹೆಚ್ಚಾದ್ರೆ ಹಳೇ ಗೇರ್‌ಬಾಕ್ಸ್ ಸುಸ್ತಾಗುತ್ತೆ. ಅದಕ್ಕೆ ಹೆಚ್ಚಿನವರು ರೋವರ್ ಎಸ್‌ಡಿ1 ಕಾರಿನ ಐದು ಗೇರಿನ ಪೆಟ್ಟಿಗೆ ಹಾಕ್ತಾರೆ. ಪೆಟ್ಟಿಗೆಯ ಅಳತೆ ಬೇರೆ, ಹಾಗಾಗಿ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತೆ.

ಆಮೇಲೆ ಹಿಂದಿನ ಆಕ್ಸಲ್. ಮಾಮೂಲಿ ಎಂಜಿಬಿಯಲ್ಲಿ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ಸುಮಾರು 3.9 ಸುತ್ತು ತಿರುಗಬೇಕು. ವಿ8ನಲ್ಲಿ ಕಂಪನಿ ಅದನ್ನ 3.07ಕ್ಕೆ ಇಳಿಸಿತು. ನಾಲ್ಕನೇ ಗೇರಲ್ಲಿ 4,000 ಆರ್‌ಪಿಎಂ ಬೇಕಿದ್ದ ವೇಗಕ್ಕೆ ಈಗ ಸುಮಾರು 3,150 ಸಾಕು. ಇದನ್ನ ಬದಲಿಸದೆ ಬಿಟ್ಟರೆ ದೊಡ್ಡ ಎಂಜಿನ್ ಸುಮ್ಮನೆ ಕಿರುಚುತ್ತೆ, ಪೆಟ್ರೋಲ್ ಕುಡಿಯುತ್ತೆ.

ರೇಡಿಯೇಟರ್ ದೊಡ್ಡದಾಗಬೇಕು. ಕೊನೆಗೆ ಬ್ರೇಕ್. ಕಂಪನಿಯೇ ವಿ8ಗೆ ದಪ್ಪ ಡಿಸ್ಕು, ಬಲವಾದ ಕ್ಯಾಲಿಪರ್ ಕೊಟ್ಟಿತ್ತು. ವಿಡಿಯೊಗಳಲ್ಲಿ ಇದು ಹತ್ತು ಸೆಕೆಂಡಲ್ಲಿ ಮುಗಿದುಹೋಗುತ್ತೆ. ನನ್ನ ಪ್ರಕಾರ ಬ್ರೇಕ್ ಕೆಲಸ ಎಂಜಿನ್‌ಗಿಂತ ಮೊದಲು ಆಗಬೇಕು.

ಮೊದಲ ಸಲ ಸ್ಟಾರ್ಟ್

ರೋವರ್ ವಿ8ನ ಹಳೇ ಮಾದರಿಯ ಆಯಿಲ್ ಪಂಪಿಗೆ ಒಂದು ಸ್ವಭಾವ ಇದೆ. ಬಿಚ್ಚಿ ಜೋಡಿಸಿದ ಮೇಲೆ ಒಣಗಿದ್ದರೆ ಆಯಿಲ್ ಎಳೆಯಲ್ಲ, ನಮ್ಮ ಬೋರ್ ಮೋಟರಿಗೆ ಮೊದಲು ನೀರು ತುಂಬಿಸ್ತೀವಲ್ಲ, ಹಾಗೆ. ಅದಕ್ಕೆ ಪಂಪಿನ ಗೇರುಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿ ಮುಚ್ಚುತ್ತಾರೆ. ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನನ್ನ ಬರಿದೇ ತಿರುಗಿಸಿ, ಆಯಿಲ್ ಒತ್ತಡ ಮೀಟರಲ್ಲಿ ಕಂಡ ಮೇಲೇ ನಿಜವಾದ ಸ್ಟಾರ್ಟ್.

ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ರೆ, ಸ್ಟಾರ್ಟ್ ಆದ ತಕ್ಷಣ 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು. ಐಡ್ಲಿಂಗ್‌ನಲ್ಲಿ ಬಿಟ್ಟು ಸೆಲ್ಫಿ ತಗೊಂಡ್ರೆ ಹೊಸ ಕ್ಯಾಮ್ ಸವೆದು ಹಾಳಾಗಬಹುದು.

ಕಾಗದ ಏನು ಹೇಳುತ್ತೆ?

ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದ್ರೆ ನೋಂದಣಿ ಇಲಾಖೆಗೆ ತಿಳಿಸಬೇಕು. 40 ವರ್ಷ ದಾಟಿದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ, ದೊಡ್ಡ ಬದಲಾವಣೆ ಆಗಿರಬಾರದು ಅನ್ನೋ ಷರತ್ತಿನ ಮೇಲೆ. ಕಂಪನಿಯೇ ಆ ಮಾದರಿಗೆ ಕೊಟ್ಟಿದ್ದ ಪರ್ಯಾಯ ಎಂಜಿನ್ ಹಾಕಿದ್ರೆ ಅದನ್ನ ದೊಡ್ಡ ಬದಲಾವಣೆ ಅಂತ ಲೆಕ್ಕ ಹಾಕಲ್ಲ. ಎಂಜಿಬಿಗೆ ವಿ8 ಹಾಕೋರಿಗೆ ಅನುಕೂಲ ಆಗೋದು ಇಲ್ಲೇ.

ನಮ್ಮಲ್ಲಿ ಲೆಕ್ಕವೇ ಬೇರೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಇಂಧನ ಬದಲಾವಣೆಗೆ ನಿಯಮದ ಪ್ರಕಾರ ಕಿಟ್ ಹಾಕಿಸೋ ಅವಕಾಶ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ರು. ಹಳೇ ಎಂಜಿನ್ ಸತ್ತು ಅದೇ ತರದ ಇನ್ನೊಂದು ಹಾಕೋದಾದ್ರೂ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು.

50 ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಅಲ್ಲಿನ ಮುಖ್ಯ ಷರತ್ತೇ ಗಾಡಿ ಮೂಲ ರೂಪದಲ್ಲಿರಬೇಕು ಅನ್ನೋದು. ಎಂಜಿನ್ ಬದಲಿಸಿದ ದಿನವೇ ಆ ಬಾಗಿಲು ಮುಚ್ಚುತ್ತೆ.

ಈಗ ಲೆಕ್ಕದ ಪುಸ್ತಕ

ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದರು. "ಅಣ್ಣಾ, ಮನೇಲಿ ಅಪ್ಪನ ಅಂಬಾಸಡರ್ ಇದೆ. ಮೂರು ಲಕ್ಷ ಪರ್ಸನಲ್ ಲೋನ್ ತಗೊಂಡು ದೊಡ್ಡ ಎಂಜಿನ್ ಹಾಕಿಸ್ಲಾ?"

ನೇರವಾಗಿ ಹೇಳ್ತೀನಿ, ತಮ್ಮಾ. ಬಡ್ಡಿ ಶೇ 14 ಅಂತ ಇಟ್ಕೊ, ಮೂರು ವರ್ಷ. ತಿಂಗಳಿಗೆ ಸುಮಾರು 10,250 ರೂಪಾಯಿ ಕಂತು, ಬಡ್ಡಿಯೇ ಸುಮಾರು 69,000. ಎಂಜಿನ್ ಬೆಲೆ ಬಿಲ್‌ನ ಮೊದಲ ಸಾಲು ಅಷ್ಟೇ. ಗೇರ್‌ಬಾಕ್ಸ್, ಆಕ್ಸಲ್, ಬ್ರೇಕ್, ರೇಡಿಯೇಟರ್, ವೆಲ್ಡಿಂಗ್ ಎಲ್ಲ ಅದರ ಕೆಳಗೆ ಬರುತ್ತೆ.

ಕಾಮರ್ಸ್ ತರಗತೀಲಿ ಬಂಡವಾಳ ವೆಚ್ಚ ಅಂತ ಕಲೀತೀವಿ, ಖರ್ಚು ಮಾಡಿದ್ರೆ ಆಸ್ತಿ ಬೆಳೀಬೇಕು. ಇಲ್ಲಿ ಆರ್‌ಸಿಗೆ ಹೊಂದದ ಗಾಡಿಯನ್ನ ಕಾನೂನಿನ ಪ್ರಕಾರ ಓಡಿಸೋಕಾಗಲ್ಲ, ಒಳ್ಳೇ ಬೆಲೆಗೆ ಮಾರೋಕಾಗಲ್ಲ, ಅಪಘಾತವಾದ್ರೆ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆಗೋ ಅಪಾಯ ಇದೆ. ಮೂರು ಲಕ್ಷ ಹಾಕಿ ಆಸ್ತಿಯನ್ನ ಹೊಣೆಗಾರಿಕೆ ಮಾಡ್ಕೊಂಡ ಹಾಗೆ. ಸಾಲ ಮಾಡಿ ಇದನ್ನ ಮಾಡ್ಬೇಡ.

ಹಾಗಂತ ಗಾಡಿ ಮೂಲೆಗೆ ಬೀಳಬೇಕಿಲ್ಲ. ಇರೋ ಎಂಜಿನನ್ನೇ ಬಿಚ್ಚಿ ಜೋಡಿಸು. ಬಿ ಸೀರೀಸ್ ಸರಳ ಎಂಜಿನ್, ಅಂಬಾಸಡರ್ ಗೊತ್ತಿರೋ ಹಿರಿಯ ಮೇಸ್ತ್ರಿಗಳು ಊರೂರಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕ ನಾಲ್ಕು ಭಾನುವಾರ ಕೂತ್ಕೋ. ವಾಲ್ವ್ ಸೆಟ್ಟಿಂಗ್, ಕಾರ್ಬುರೇಟರ್, ಬ್ರೇಕ್, ಇಷ್ಟನ್ನ ಕಲಿತರೆ ಆ ಗಾಡಿ ಅಪ್ಪನದ್ದಷ್ಟೇ ನಿನ್ನದೂ ಆಗುತ್ತೆ. ಸಂಬಳದಲ್ಲಿ ತಿಂಗಳಿಗೆ ಇಷ್ಟು ಅಂತ ಎತ್ತಿಟ್ಟು ಮಾಡಬಹುದಾದ ಕೆಲಸ ಇದು.

ಉಳಿದವರಿಗೂ ಈ ವಾರ ಒಂದು ಪುಟ್ಟ ಕೆಲಸ. ಮನೇಲಿ ಹಳೇ ಕಾರೋ ಬೈಕೋ ಇದ್ದರೆ ಆರ್‌ಸಿ ತೆಗೆದು, ಎಂಜಿನ್ ನಂಬರನ್ನ ಬ್ಲಾಕ್ ಮೇಲೆ ಕೊರೆದಿರೋ ನಂಬರಿನ ಜೊತೆ ಹೋಲಿಸಿ. ಬೇರೆ ಬೇರೆ ಇದ್ದರೆ ಮಾರೋ ದಿನದವರೆಗೆ ಕಾಯಬೇಡಿ, ಮೊದಲು ಆರ್‌ಟಿಒದಲ್ಲಿ ಸರಿಪಡಿಸ್ಕೊಳ್ಳಿ. ಮುಂದಿನ ವಾರ ಸಿಗೋಣ, ಅಲ್ಲಿವರೆಗೆ ನಿಧಾನವಾಗಿ ಓಡಿಸಿ.